ಸಹಾಯ ಬೇಕು: ಟೊಮೆಟೊ ಕಾಯಿಯ ತುದಿ ಕೊಳೆಯುತ್ತಿದೆ, ಮೆಣಸಿನಕಾಯಿ ಗಿಡದ ಎಲೆ ಮುದುಡುತ್ತಿದೆ

ಸದಸ್ಯರಿಗೆ ನಮಸ್ಕಾರ. ಮಡಿಕೇರಿಯ ಸಮೀಪದ ನಮ್ಮ ಹಿತ್ತಲಿನಲ್ಲಿ 12 ಟೊಮೆಟೊ ಮತ್ತು 8 ಮೆಣಸಿನ ಗಿಡಗಳಿವೆ. ಟೊಮೆಟೊ ಕಾಯಿ ನಿಂಬೆಯ ಗಾತ್ರಕ್ಕೆ ಬರುವಷ್ಟರಲ್ಲಿ ಹೂವಿದ್ದ ತುದಿ ಕಪ್ಪಾಗಿ, ತಗ್ಗಾಗಿ, ಚರ್ಮದಂತೆ ಗಟ್ಟಿಯಾಗುತ್ತಿದೆ. ಇದು ರೋಗಾಣುವಿನಿಂದ ಬರುವುದಲ್ಲವೆಂದೂ, ಕಾಯಿಗೆ ಕ್ಯಾಲ್ಸಿಯಂ ತಲುಪದಿರುವುದೇ ಕಾರಣವೆಂದೂ, ಮಣ್ಣಿನಲ್ಲಿ ಅದು ಸಾಕಷ್ಟಿದ್ದರೂ ನೀರು ಒಮ್ಮೆ ಹೆಚ್ಚಾಗಿ ಒಮ್ಮೆ ಕಡಿಮೆಯಾದರೆ ಅಥವಾ ಸಾರಜನಕ ಅತಿಯಾದರೆ ಹೀಗಾಗುತ್ತದೆಂದೂ ತಿಳಿದಿದ್ದೇನೆ. ಆದ್ದರಿಂದ ಬುಡಕ್ಕೆ ಒಣ ಎಲೆಗಳ ಹೊದಿಕೆ ಹಾಕಿ, ದಿನವೂ ಒಂದೇ ಅಳತೆಯಲ್ಲಿ ನೀರುಣಿಸಲು ಆರಂಭಿಸಿದ್ದೇನೆ.

ನಮ್ಮ ಜಿಲ್ಲೆಯ ಮಣ್ಣು ಭಾರೀ ಮಳೆಗೆ ಸಾರ ತೊಳೆದುಹೋಗಿ ಹುಳಿಯಾಗಿರುವುದರಿಂದ ಕಾಫಿ ತೋಟಕ್ಕೆ ಸುಣ್ಣ ಕೊಡುವುದು ನಮಗೆ ರೂಢಿಯೇ. ಆದರೆ ತರಕಾರಿ ಪಾತಿಗೆ, ಒಂದು ಚದರ ಮೀಟರಿಗೆ, ನಾಟಿಗೆ ಎಷ್ಟು ವಾರ ಮೊದಲು, ಎಷ್ಟು ಕೊಡಬೇಕೆಂಬುದನ್ನು ಸ್ವಂತ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಮೆಣಸಿನ ಎಲೆಗಳು ಕೆಳಮುಖವಾಗಿ ಮುದುಡಿ, ತೊಟ್ಟು ಉದ್ದವಾಗಿರುವುದರಿಂದ ಇದು ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟವಲ್ಲ, ಜೇಡದ ಬಳಗದ ಅತಿಸಣ್ಣ ಜೀವಿಯಾದ ಮೈಟ್ ನುಸಿಯೆಂದು ನನ್ನ ಅಂದಾಜು. ಬೇವಿನೆಣ್ಣೆಯನ್ನು ಎಲೆಯಡಿಗೆ ಎರಡು ಬಾರಿ ಸಿಂಪಡಿಸಿದರೂ ಹೊಸ ಚಿಗುರು ಮುದುಡುತ್ತಲೇ ಇದೆ. ಈ ನುಸಿಯ ಹತೋಟಿಗೆ ನೀರಿನಲ್ಲಿ ಕರಗುವ ಗಂಧಕವನ್ನು ಮನೆಬಳಕೆಯ ಗಿಡಕ್ಕೆ ಬಳಸಿದವರಿದ್ದರೆ, ಪ್ರಮಾಣವನ್ನೂ ಕೊಯ್ಲಿಗೆ ಮುನ್ನ ಬಿಡಬೇಕಾದ ದಿನಗಳನ್ನೂ ತಿಳಿಸಿ. ಈ ಮೆಣಸನ್ನು ಮಕ್ಕಳೂ ತಿನ್ನುತ್ತಾರೆ.