ಬ್ರಹ್ಮಾವರದ ಸಿಂಡಿಕೇಟ್ ಬ್ಯಾಂಕ್ ಶಾಖೆ: ಹಳೆಯ ಕಾಗದದಲ್ಲಿರುವ ‘ಕೆನರಾ’ ಯಾವುದು?

ಪ್ರಶ್ನೆ: ಸೀತಾನದಿ

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಮಂದಿ ಸೇರಿ ಬ್ರಹ್ಮಾವರದ ಸಂಸ್ಥೆಗಳ ಬಗ್ಗೆ ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸುತ್ತಿದ್ದೇವೆ. ಅದರಲ್ಲಿ ಊರಿನ ಬ್ಯಾಂಕ್ ಶಾಖೆಯ ಭಾಗ ನನ್ನ ಪಾಲಿಗೆ ಬಂದಿದೆ. ನಾವೆಲ್ಲರೂ ಸಿಂಡಿಕೇಟ್ ಬ್ಯಾಂಕ್ ಎಂದೇ ಕರೆಯುತ್ತಿದ್ದ ಶಾಖೆ 2020ರ ಏಪ್ರಿಲ್ 1ರ ವಿಲೀನದ ಬಳಿಕ ಕೆನರಾ ಬ್ಯಾಂಕಿನದ್ದಾಯಿತು. ಆದರೆ ಮನೆಯೊಂದರಲ್ಲಿ ದೊರೆತ, ಸ್ವಾತಂತ್ರ್ಯಪೂರ್ವದ ಸಾಲಪತ್ರದಲ್ಲಿಯೂ ‘ಕೆನರಾ’ ಎಂಬ ಹೆಸರೇ ಇದ್ದು, ಮುಂದಿನ ಅಕ್ಷರಗಳು ಗೆದ್ದಲಿಗೆ ಆಹಾರವಾಗಿವೆ. ಹಾಗಾದರೆ ಕೆನರಾ ಬ್ಯಾಂಕು ಆಗಲೇ ಇಲ್ಲಿ ವ್ಯವಹಾರ ಮಾಡುತ್ತಿತ್ತೇ? ಸಿಂಡಿಕೇಟಿನ ಮೊದಲ ಶಾಖೆ ನಮ್ಮೂರಿನದ್ದೇ ಎಂದು ಹಿರಿಯರು ಹೇಳುವುದು ನಿಜವೇ? ಮದರಾಸಿನ ದೊಡ್ಡ ಬ್ಯಾಂಕೊಂದು ಮುಳುಗಿದ್ದರಿಂದಲೇ ನಮ್ಮ ಜಿಲ್ಲೆಯಲ್ಲಿ ಇಷ್ಟೊಂದು ಬ್ಯಾಂಕುಗಳು ಹುಟ್ಟಿದವು ಎಂಬ ಮಾತನ್ನೂ ಕೇಳಿದ್ದೇನೆ. ಅಚ್ಚಿಗೆ ಕೊಡುವ ಮೊದಲು ತಿಳಿದವರು ತಿದ್ದಿಕೊಟ್ಟರೆ ಉಪಕಾರವಾದೀತು.

ಉತ್ತರ: ಹಳೆ ಲೆಡ್ಜರು

ಸೀತಾನದಿಯವರೇ, ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಕೈಬರಹದ ಲೆಡ್ಜರುಗಳ ಕಾಲದಿಂದ ಕಂಪ್ಯೂಟರಿನ ಕಾಲದವರೆಗೆ ದುಡಿದು ನಿವೃತ್ತನಾದವನು. ‘ಕೆನರಾ’ ಎಂಬ ಒಂದೇ ಪದವನ್ನು ನಂಬಿ ತೀರ್ಮಾನಕ್ಕೆ ಬರಬೇಡಿ. ಆ ಕಾಲದಲ್ಲಿ ಈ ಹೆಸರನ್ನು ಹೊತ್ತ ಬ್ಯಾಂಕುಗಳು ನಮ್ಮ ಜಿಲ್ಲೆಯಲ್ಲಿಯೇ ಮೂರಿದ್ದವು.

ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರ ಜುಲೈಯಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡ್ 1910ರಲ್ಲಿ ಕೆನರಾ ಬ್ಯಾಂಕ್ ಆಯಿತು. ಅದೇ 1906ರ ಮಾರ್ಚಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಉಡುಪಿಯಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಶುರುವಾಗಿತ್ತು. 1972ರಲ್ಲಿ ಕಾರ್ಪೊರೇಶನ್ ಬ್ಯಾಂಕ್ ಎಂದು ಹೆಸರು ಮೊಟಕುಗೊಳಿಸಿಕೊಂಡ ಈ ಬ್ಯಾಂಕು ಈಗ ಯೂನಿಯನ್ ಬ್ಯಾಂಕಿನೊಳಗಿದೆ. ಮೂರನೆಯದು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ವ್ಯಾಪಾರಿಯಾದ ಉಪೇಂದ್ರ ಅನಂತ ಪೈ, ಇಂಜಿನಿಯರಾದ ವಾಮನ ಕುಡ್ವ ಮತ್ತು ವೈದ್ಯರಾದ ಡಾ. ಟಿ.ಎಂ.ಎ. ಪೈ, ಈ ಮೂವರು 8,000 ರೂಪಾಯಿ ಬಂಡವಾಳದಿಂದ ಅದನ್ನು ಕಟ್ಟಿದರು. ಕೈಮಗ್ಗದ ಕಸುಬು ಕುಸಿದು ಕಂಗೆಟ್ಟಿದ್ದ ನೇಕಾರರಿಗೆ ಹಣಕಾಸಿನ ಆಸರೆ ಒದಗಿಸುವುದು ಅವರ ಉದ್ದೇಶವಾಗಿತ್ತು. ಇದಕ್ಕೆ ಸಿಂಡಿಕೇಟ್ ಬ್ಯಾಂಕ್ ಎಂಬ ಚಿಕ್ಕ ಹೆಸರು ಬಂದದ್ದು 1960ರ ದಶಕದಲ್ಲಿ.

ಹಿರಿಯರ ಮಾತು ಸರಿಯಾಗಿದೆ. ಉಡುಪಿಯಿಂದ ಹೊರಗೆ ಸಿಂಡಿಕೇಟು ತೆರೆದ ಮೊದಲ ಶಾಖೆ 1928ರ ಬ್ರಹ್ಮಾವರದ್ದು. ಹಾಗಾಗಿ ನಿಮ್ಮ ಕಾಗದ ಈ ಮೂರನೆಯ ‘ಕೆನರಾ’ದ್ದೇ ಆಗಿರುವ ಸಂಭವ ಹೆಚ್ಚು. ಆದರೂ ಕಾರ್ಪೊರೇಶನ್ ಬ್ಯಾಂಕು 1923ರಲ್ಲಿಯೇ ಕುಂದಾಪುರದಲ್ಲಿ ತನ್ನ ಮೊದಲ ಶಾಖೆಯನ್ನು ತೆರೆದಿದ್ದುದರಿಂದ, ಎರಡು ಪೇಟೆಗಳ ನಡುವಿನ ಊರಿನವರು ಅಲ್ಲಿಗೆ ಹೋಗಿ ಸಾಲ ತಂದಿರುವುದೂ ಅಸಾಧ್ಯವಲ್ಲ. ಕಾಗದದ ಮೊಹರಿನಲ್ಲಿ ‘ಸಿಂಡಿಕೇಟ್’ ಅಥವಾ ‘ಕಾರ್ಪೊರೇಶನ್’ ಎಂಬುದರ ಒಂದಕ್ಷರವಾದರೂ ಉಳಿದಿದೆಯೇ ನೋಡಿ.

ಉತ್ತರ: ತೆಂಕಣಗಾಳಿ

ಮದರಾಸಿನ ಬ್ಯಾಂಕಿನ ಕಥೆಯನ್ನು ದಯವಿಟ್ಟು ಆ ರೂಪದಲ್ಲಿ ಅಚ್ಚು ಹಾಕಿಸಬೇಡಿ. ಹಿರಿಯರು ಹೇಳುತ್ತಿರುವುದು ಅರ್ಬತ್‌ನಾಟ್ ಕಂಪನಿಯ ಪತನದ ಬಗ್ಗೆ ಇರಬೇಕು. ಅದು ದಿವಾಳಿಯಾದದ್ದು 1906ರ ಅಕ್ಟೋಬರಿನಲ್ಲಿ. ಆ ವೇಳೆಗೆ ಉಡುಪಿಯ ಬ್ಯಾಂಕಿಗೂ ಮಂಗಳೂರಿನ ಫಂಡಿಗೂ ತಿಂಗಳುಗಳು ತುಂಬಿದ್ದವು. ಆ ಆಘಾತದಿಂದ ನೇರವಾಗಿ ಹುಟ್ಟಿದ್ದು 1907ರಲ್ಲಿ ಮದರಾಸಿನಲ್ಲಿಯೇ ಸ್ಥಾಪನೆಯಾದ ಇಂಡಿಯನ್ ಬ್ಯಾಂಕ್. ನಮ್ಮಲ್ಲಿ ಕೆಲಸ ಮಾಡಿದ್ದು ಸ್ವದೇಶಿ ಚಳವಳಿಯ ಹುರುಪು ಮತ್ತು ವಿಪರೀತ ಬಡ್ಡಿಯ ಲೇವಾದೇವಿಯಿಂದ ಪಾರಾಗುವ ಅಗತ್ಯ. 1924ರ ಕರ್ಣಾಟಕ ಬ್ಯಾಂಕ್, 1931ರ ವಿಜಯಾ ಬ್ಯಾಂಕ್‌ಗಳನ್ನೂ ಸೇರಿಸಿಕೊಂಡರೆ ಇಪ್ಪತ್ತೈದು ವರ್ಷಗಳಲ್ಲಿ ಒಂದೇ ಜಿಲ್ಲೆಯಿಂದ ಐದು ದೊಡ್ಡ ಬ್ಯಾಂಕುಗಳು ಎದ್ದವು. ಇಷ್ಟನ್ನು ದೂರದ ಒಂದು ದಿವಾಳಿಯ ಲೆಕ್ಕಕ್ಕೆ ಬರೆಯುವುದು ನನಗೆ ಸರಿಕಾಣುವುದಿಲ್ಲ.

ನಿಮ್ಮ ಹೊತ್ತಗೆಯಲ್ಲಿ ಬರಬೇಕಾದ ಇನ್ನೊಂದು ಸಂಗತಿಯೆಂದರೆ, ಶಾಖೆ ತೆರೆದಾಗ ಅಲ್ಲಿ ಸಾಲ ಪಡೆಯಲು ಯಾರಿಗೆ ಸಾಧ್ಯವಿತ್ತು ಎಂಬುದು. ಭೂಮಿಯನ್ನು ಅಡವಿಡಬೇಕಾದರೆ ಅದರ ಮೇಲೆ ಹಕ್ಕಿರಬೇಕು. ವರ್ಗದಾರರಿಗೆ, ಅಂದರೆ ಭೂಮಿಯ ಒಡೆಯರಿಗೆ, ಆ ಹಕ್ಕಿತ್ತು; ಕಾಯಂ ಗೇಣಿದಾರರಾದ ಮೂಲಗೇಣಿಯವರಿಗೂ ಬಹುಮಟ್ಟಿಗೆ ಇತ್ತು. ವರ್ಷ ವರ್ಷ ಗೇಣಿ ಅಳೆಯುತ್ತಿದ್ದ ಚಾಲಗೇಣಿಯವರಿಗೆ ಅಡವಿಡಲು ಏನೂ ಇರಲಿಲ್ಲ. ಅವರಿಗೆ ಬ್ಯಾಂಕಿನ ಬಾಗಿಲು ತೆರೆದದ್ದು ಚಿನ್ನದ ಒಡವೆ ಇದ್ದರೆ ಅದರ ಮೂಲಕ, ಇಲ್ಲದಿದ್ದರೆ ಪಿಗ್ಮಿಯ ಮೂಲಕ. 1928ರಲ್ಲಿ, ಅಂದರೆ ನಿಮ್ಮ ಶಾಖೆ ಆರಂಭವಾದ ವರ್ಷದಲ್ಲಿಯೇ, ಸಿಂಡಿಕೇಟು ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಚೀಟಿ ಕೊಡುತ್ತಿದ್ದರು. ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ ಕೂಡುತ್ತಿತ್ತು. ಒಟ್ಟಿಗೆ ಅಷ್ಟು ಹಣವನ್ನು ಎಂದೂ ಕೈಯಲ್ಲಿ ಹಿಡಿಯದ ಮೀನು ಮಾರುವವರೂ ನೇಯುವವರೂ ಬ್ಯಾಂಕಿನ ಗಿರಾಕಿಗಳಾದದ್ದು ಹೀಗೆ. ಆದರೆ ಪಿಗ್ಮಿ ಬ್ರಹ್ಮಾವರದಲ್ಲಿಯೇ ಶುರುವಾಯಿತು ಎಂದು ಯಾರಾದರೂ ಹೇಳಿದರೆ, ವರ್ಷ ಒಂದೇ ಎಂಬುದನ್ನು ಅದಕ್ಕೆ ಪುರಾವೆಯಾಗಿ ತೆಗೆದುಕೊಳ್ಳಬೇಡಿ.

ಉತ್ತರ: ಹಳೆ ಲೆಡ್ಜರು

ಪಿಗ್ಮಿಯ ಮಾತು ಬಂದದ್ದರಿಂದ ಮತ್ತೆ ಬರೆಯುತ್ತಿದ್ದೇನೆ. ಶಾಖೆಯ ಚರಿತ್ರೆ ಎಂದರೆ ಮ್ಯಾನೇಜರುಗಳ ಪಟ್ಟಿ ಮತ್ತು ಉದ್ಘಾಟನೆಯ ಚಿತ್ರ ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತಿದ್ದ ಮ್ಯಾನೇಜರಿಗಿಂತ, ಬಿಸಿಲು ಮಳೆಯೆನ್ನದೆ ಅದೇ ಓಣಿಗಳಲ್ಲಿ ದಶಕಗಟ್ಟಲೆ ನಡೆದ ಪಿಗ್ಮಿ ಏಜೆಂಟರಿಗೆ ಊರಿನ ಹಣದ ನಾಡಿ ಗೊತ್ತಿರುತ್ತಿತ್ತು. ಯಾರ ಮನೆಯಲ್ಲಿ ಮದುವೆ ನಿಶ್ಚಯವಾಗಿದೆ, ಯಾರ ಅಂಗಡಿ ಸೊರಗುತ್ತಿದೆ ಎಂಬುದು ಅವರ ಚೀಟಿಪುಸ್ತಕದಲ್ಲಿಯೇ ಕಾಣುತ್ತಿತ್ತು. ಇಷ್ಟಾಗಿಯೂ ಅವರು ಕಮಿಶನ್ ಮೇಲೆ ದುಡಿಯುವ ಹೊರಗಿನವರೇ ಹೊರತು ನೌಕರರಲ್ಲ ಎಂಬುದು ಬ್ಯಾಂಕುಗಳ ವಾದವಾಗಿತ್ತು. ಆ ವ್ಯಾಜ್ಯ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಯಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಠೇವಣಿ ಸಂಗ್ರಹಕಾರರು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕೆಲಸಗಾರರೇ ಎಂದು 2001ರಲ್ಲಿ ತೀರ್ಪು ಬಂದು, ತಿಂಗಳಿಗೆ 750 ರೂಪಾಯಿಯ ಕನಿಷ್ಠ ವೇತನವೂ ಗ್ರಾಚ್ಯುಟಿಯೂ ಅವರಿಗೆ ದೊರೆಯುವಂತಾಯಿತು. ಪಕ್ಕಾ ನೌಕರರ ಸ್ಥಾನ ಮಾತ್ರ ಸಿಗಲಿಲ್ಲ. ನಿಮ್ಮೂರಿನಲ್ಲಿ ಹಿರಿಯ ಏಜೆಂಟರು ಇದ್ದರೆ ಅವರ ಮಾತನ್ನು ಈಗಲೇ ಧ್ವನಿಮುದ್ರಿಸಿಕೊಳ್ಳಿ. ಬ್ಯಾಂಕಿನಲ್ಲಿ ಹಳೆಯ ಕಾಗದಗಳನ್ನು ಅವಧಿ ಮುಗಿದೊಡನೆ ನಾಶ ಮಾಡುವ ಕ್ರಮವಿದೆಯಾದ್ದರಿಂದ ಶಾಖೆಯೊಳಗೆ ನಿಮಗೆ ಹೆಚ್ಚೇನೂ ಸಿಗಲಾರದು.

ಉತ್ತರ: ದಸ್ತಾವೇಜು

ಶಾಖೆಯೊಳಗೆ ಸಿಗದಿದ್ದರೆ ಹೊರಗೆ ಹುಡುಕಬಹುದು. ನೂರು ರೂಪಾಯಿ ಮತ್ತು ಮೇಲಿನ ಭೂ ಅಡವಿಗೆ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ನೋಂದಾಯಿತ ಪತ್ರ ಬೇಕಿತ್ತು. ಹಕ್ಕುಪತ್ರವನ್ನು ಸುಮ್ಮನೆ ಬ್ಯಾಂಕಿನಲ್ಲಿ ಇಟ್ಟು ಸಾಲ ಪಡೆಯುವ ಸೌಲಭ್ಯ ಆಗ ಮದರಾಸಿನಂಥ ಅಧಿಸೂಚಿತ ಪಟ್ಟಣಗಳಿಗೆ ಮೀಸಲಾಗಿತ್ತು. ಆದ್ದರಿಂದ 1928ರ ನಂತರದ ಭೂ ಅಡವು ಸಾಲಗಳು ಉಪನೋಂದಣಾಧಿಕಾರಿಯ ಕಚೇರಿಯ ಪುಸ್ತಕಗಳಲ್ಲಿ ಸಾಲ ಕೊಟ್ಟ ಬ್ಯಾಂಕಿನ ಪೂರ್ಣ ಹೆಸರಿನೊಂದಿಗೆ ದಾಖಲಾಗಿರಬೇಕು. ಸೀತಾನದಿಯವರೇ, ನಿಮ್ಮ ಗೆದ್ದಲು ಹಿಡಿದ ಪತ್ರ ಭೂಮಿಯದ್ದಾಗಿದ್ದು ಸರ್ವೆ ನಂಬರು ಉಳಿದಿದ್ದರೆ, ಆ ಮನೆಯವರ ಮೂಲಕ ದೃಢೀಕೃತ ಪ್ರತಿಗೆ ಅರ್ಜಿ ಹಾಕಿಸಿ. ಯಾವ ‘ಕೆನರಾ’ ಎಂಬುದು ಅಲ್ಲಿಯೇ ಇತ್ಯರ್ಥವಾಗುತ್ತದೆ. ಒಡವೆಯ ಅಡವಾಗಿದ್ದರೆ ಈ ದಾರಿ ಇಲ್ಲ.

ನೆನಪಿಡಬೇಕಾದ ಸಂಗತಿಯೆಂದರೆ, ಆ ಕಾಲದಲ್ಲಿ ನಮ್ಮದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ, ಉಡುಪಿ ತಾಲೂಕು. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ, ಬ್ರಹ್ಮಾವರ ತಾಲೂಕಾದದ್ದು ತೀರಾ ಈಚೆಗೆ. ಸೂಚಿಗಳನ್ನು ಹುಡುಕುವಾಗ ಹಳೆಯ ಹೆಸರುಗಳನ್ನೇ ಕೊಡಬೇಕು. ಇತ್ತೀಚಿನ ಕೊಂಡಿಗಾಗಿ ಐಎಫ್‌ಎಸ್‌ಸಿ ಸಂಕೇತವೂ ಉಪಯುಕ್ತ. ವಿಲೀನವಾದಾಗ ಸಿಂಡಿಕೇಟ್ ಶಾಖೆಗಳ ಹಳೆಯ ಸಂಖ್ಯೆಗೆ 10,000 ಕೂಡಿಸಿ ಕೆನರಾದ ಹೊಸ ಸಂಖ್ಯೆಯನ್ನು ಕೊಟ್ಟರು. ಒಂದೇ ಊರಿನಲ್ಲಿ ಎರಡೂ ಬ್ಯಾಂಕುಗಳ ಶಾಖೆಗಳಿದ್ದ ಕಡೆ, ಈಗಿನ ಯಾವ ಶಾಖೆ ಮೂಲತಃ ಸಿಂಡಿಕೇಟಿನದ್ದು ಎಂಬುದನ್ನು ಪಾಸ್‌ಬುಕ್ಕಿನ ಈ ಸಂಖ್ಯೆಯಿಂದಲೇ ಗುರುತಿಸಬಹುದು.

ಸೀತಾನದಿ

ಎಲ್ಲರಿಗೂ ಕೃತಜ್ಞತೆಗಳು. ಪತ್ರ ಗದ್ದೆಯ ಅಡವಿನದ್ದೇ ಆಗಿದ್ದು, ಸರ್ವೆ ನಂಬರು ಮತ್ತು ‘ಸಿಂ’ ಎಂಬಂತೆ ತೋರುವ ಅರ್ಧ ಅಕ್ಷರ ಉಳಿದಿವೆ. ಮನೆಯವರು ಪ್ರತಿಗಾಗಿ ಅರ್ಜಿ ಸಲ್ಲಿಸಲು ಒಪ್ಪಿದ್ದಾರೆ. ಅರ್ಬತ್‌ನಾಟಿನ ವಾಕ್ಯವನ್ನು ಕರಡಿನಿಂದ ತೆಗೆದುಹಾಕಿದ್ದೇನೆ. ಪಿಗ್ಮಿ ಏಜೆಂಟರಿಗೆ ಒಂದು ಪ್ರತ್ಯೇಕ ಅಧ್ಯಾಯವನ್ನೇ ಕೊಡೋಣ ಎಂದು ಜೊತೆಯವರು ಹೇಳುತ್ತಿದ್ದಾರೆ.