ಸೊನ್ನೆಗಿಂತ ಕಮ್ಮಿ ಬೆಳಕು

"ಮೈನಸ್ ಐತಲ್ಲೋ ಇದು!" ಅಂತ ಹುಸೇನಿ ಮಿರ್ಚಿ ಎಣ್ಣಿ ಅಂಟಿದ ಬೆರಳನ್ನ ಸೀದಾ ಫೋನ್ ಸ್ಕ್ರೀನ್ ಮ್ಯಾಲೇ ಇಟ್ಟ. ಕಾರವಾರದ ದಂಡಿ ನೀರಿನಿಂದ ಯಾವ ಬಣ್ಣದ ಬೆಳಕು ಎಷ್ಟು ಬರ್ತೈತಿ ಅಂತ ಸ್ಯಾಟಲೈಟ್ ಲೆಕ್ಕದಾಗ ತೆಗೆದ ಗ್ರಾಫು ಅದು, ನಮ್ಮ ವೀರೇಶ ಪಿಎಚ್‌ಡಿ ಅಂತ ತಿದ್ದಿದ್ದೇ ತಿದ್ದಿದ್ದು. ಗೆರಿ ಹಸರು ಬಣ್ಣದ ತರಂಗ, 560 ನ್ಯಾನೋಮೀಟರ್ ಹತ್ರ ಚಂದ ಎದ್ದು ನಿಂತು, ನೀಲಿ ಕಡೆ 412ಕ್ಕ ಬರೋ ಹೊತ್ತಿಗೆ ಸೊನ್ನೆ ಕೆಳಗ ಮುಳುಗಿತ್ತು.

"ಸಮುದ್ರ ಬೆಳಕನ್ನ ಉದ್ರಿ ತಗೊಂಡೈತೇನಲೇ?"

"ಸಮುದ್ರದ ತಪ್ಪಲ್ಲ ಮಾರಾಯ, ಲೆಕ್ಕದಾಗ ಗಾಳಿ ಜಾಸ್ತಿ ಕಳದಂಗ ಆಗೈತಿ."

ಬಳ್ಳಾರಿ ಬಿಸಲಾಗ ಕುಂತು ಗಾಳಿ ಜಾಸ್ತಿ ಆತು ಅನ್ನೋನು ಇವನೊಬ್ಬನೇ ಇರಬೇಕು. ವೀರೇಶ ಶುರು ಮಾಡಿದ, ಆರುನೂರು ಚಿಲ್ಲರ ಕಿಲೋಮೀಟರ್ ಮ್ಯಾಲಿಂದ ನೋಡೋ ಸ್ಯಾಟಲೈಟಿಗೆ ಸಮುದ್ರದ ಕಡೆಯಿಂದ ಬರೋ ಬೆಳಕಿನಾಗ ಹೆಚ್ಚೂಕಮ್ಮಿ ನೂರಕ್ಕ 90 ಪಾಲು ಗಾಳಿ ಚದುರಿಸಿದ್ದೇ ಅಂತ, ನೀರೊಳಗ ಹೊಕ್ಕು ಹೊರಗ ಬಂದದ್ದು ಉಳಿದ ಹತ್ತು, ಪಾಚಿ ಎಷ್ಟು ಮಣ್ಣು ಎಷ್ಟು ಅನ್ನೋದೆಲ್ಲ ಆ ಹತ್ತರಾಗೇ ಹುಡುಕಬೇಕಂತ.

ಗಾದಿಲಿಂಗ ಅದಿರಿನ ಲಾರಿ ಓಡಿಸಿದಾವ, ಚಾ ಗ್ಲಾಸ್ ಕೆಳಗಿಟ್ಟ. "ಅಂದ್ರ ವೇಬ್ರಿಡ್ಜ್ ಮ್ಯಾಲೆ ಲಾರಿ ತೂಕಾನೇ ತೊಂಬತ್ತು, ಲೋಡು ಹತ್ತು. ಖಾಲಿ ಲಾರಿ ತೂಗಿ ಕಳೀರಿ."

"ಅದನ್ನೇ ಮಾಡ್ತಾರ! 1994ರಾಗ ಗೋರ್ಡನ್, ವಾಂಗ್ ಅನ್ನೋರು ಹಾಕಿಕೊಟ್ಟ ಲೆಕ್ಕ. ಕೆಂಪಿನಾಚೆ ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಬೆಳಕನ್ನ ನೀರು ನುಂಗಿಬಿಡ್ತೈತಿ, ನಡು ಸಮುದ್ರ ಅದರಾಗ ಕಪ್ಪ ಕಪ್ಪ. ಅಲ್ಲಿ ಏನು ಹೊಳದ್ರೂ ಅದು ಗಾಳಿದು, ಧೂಳಿಂದು. ಅದ್ನ ಅಳದು ನೀಲಿ ಬಣ್ಣದಾಗ ಎಷ್ಟು ಕಳೀಬೇಕು ಅಂತ ಅಂದಾಜು ಹಾಕ್ತಾರ."

"ದಂಡ್ಯಾಗ?"

"ದಂಡ್ಯಾಗ ಕಾಳಿ ನದಿ ಮಣ್ಣು ಬಂದಿರ್ತೈತಲ್ಲ, ಅದೂ ಹೊಳೀತೈತಿ."

"ಹಂಗಾದ್ರ ಖಾಲಿ ಅಂದ್ಕೊಂಡ ಲಾರ್ಯಾಗ ಅರ್ಧ ಟನ್ ಮಣ್ಣು ಉಳದೈತಿ, ಅದನ್ನೂ ಸೇರಿಸಿ ಖಾಲಿ ಲಾರಿ ತೂಕ ಅಂತ ಬರಕೊಂಡೀರಿ, ಲೋಡು ಮೈನಸ್ ಬರದೇ ಇನ್ನೇನ್ ಬರ್ತೈತಿ ಲೇ?"

ವೀರೇಶ ಬಾಯಿ ತೆಗೆದವನು ಹಂಗೇ ಕುಂತ, ಗೈಡ್ ಕೂಡ ಇಷ್ಟು ಸಲೀಸಾಗಿ ಹೇಳಿರಲಿಲ್ಲಂತ.

ಇದಕ್ಕ ದಾರಿ ಐತಿ, ಇನ್ನೂ ಉದ್ದ ತರಂಗಕ್ಕ ಹೋಗೋದು, 1640 ನ್ಯಾನೋಮೀಟರ್ ಕಡೆ ರಾಡಿ ನೀರೂ ಕಪ್ಪೇ, ಆದ್ರ ಅಲ್ಲಿ ಬರೋ ಬೆಳಕೇ ಚೂರು, ಅದರಾಗ ಯಂತ್ರದ್ದೇ ಸುಳ್ಳು ಏರಿಳಿತ ಬ್ಯಾರೆ. ಇಸ್ರೋ 2018ರಾಗ ಬಿಟ್ಟ ಹೈಸಿಸ್ ಸ್ಯಾಟಲೈಟು ಅಷ್ಟು ಉದ್ದ ತರಂಗದ ತನಕ ನೋಡೋ ಹಂಗ ಮಾಡಿದ್ದು, ಪಿಕ್ಸೆಲ್ಲೂ, ಅಂದ್ರ ಚಿತ್ರದ ಒಂದು ಚುಕ್ಕಿನೂ, 30 ಮೀಟರ್. ನಾಸಾದ್ದು 2024ರ ಪೇಸ್ ಸ್ಯಾಟಲೈಟು, ಬಣ್ಣ ಭಾಳ ಸಣ್ಣಗ ಸೀಳ್ತೈತಿ, ಆದ್ರ ಅದರ ಒಂದು ಪಿಕ್ಸೆಲ್ಲೇ ಕಿಲೋಮೀಟರಿಗಿಂತ ಜಾಸ್ತಿ, ನದಿ ಬಾಯಿ ಅದರಾಗ ಎಲ್ಲಿ ಸಿಗಬೇಕು. ಇಷ್ಟು ಸಾಲ್ದು ಅಂತ ದಂಡಿ ಮ್ಯಾಲಿನ ಹಸರು ಗುಡ್ಡದ ಬೆಳಕೂ ಗಾಳ್ಯಾಗ ಚದುರಿ ನೀರಿನ ಪಿಕ್ಸೆಲ್ಲಿಗೆ ಬಂದು ಸೇರ್ತೈತಂತ.

"ಧೂಳು ಅಂದ್ಯಲ್ಲ, ನಮ್ಮ ಸಂಡೂರಿನ ಕೆಂಪು ಧೂಳು ಅಲ್ಲಿಗೆ ಹಾರಿದ್ರ?" ಹುಸೇನಿದು.

"ಇನ್ನೂ ಹಾಳು. ಕಬ್ಬಿಣದ ಧೂಳು ನೀಲಿ ಬೆಳಕನ್ನ ಚದುರಿಸೋದಲ್ದ ತಿಂತೈತಿ. ಬರೇ ಚದುರಿಸ್ತೈತಿ ಅಂತ ಲೆಕ್ಕ ಹಾಕಿದ್ರ ಮತ್ತ ಜಾಸ್ತಿ ಕಳದಂಗ, ಮತ್ತ ಮೈನಸ್ಸು."

"ನೋಡು, ನಮ್ಮೂರಿನ ಹೆಸರು ಎಲ್ಲೆಲ್ಲಿ ಹೋಗ್ತೈತಿ!"

ಗಾದಿಲಿಂಗಗ ಇನ್ನೂ ಸಮಾಧಾನ ಇಲ್ಲ. "ನದಿ ಕೆಂಪು ನೀರು ತರೋದು ಮಳೆಗಾಲ್ದಾಗ. ಆವಾಗ ಕಾರವಾರದ ಮ್ಯಾಲೆ ಮೋಡ. ಮೋಡದೊಳಗಿಂದ ಕಾಣ್ತೈತೇನು ನಿಮಗ?"

"ಇಲ್ಲ."

"ಮತ್ತ?"

"ಅಕ್ಟೋಬರ್ ತನಕ ತಡಕೋಬೇಕು," ಅಂದ ವೀರೇಶ, ಸ್ಕ್ರೀನ್ ಒರಸಿಕೋತ.