ಸೊಂಡಿಲು ಹುಳುವಿನ ಕರುಳಿನಲ್ಲಿ ಬ್ಯಾಕ್ಟೀರಿಯಾ ಕಾಣಲಿಲ್ಲ, ಮರಿಗಳಲ್ಲಿ ಮತ್ತೆ ಬಂದಿದೆ. ತಪ್ಪಿದ್ದೆಲ್ಲಿ?

ಗೋಧಿಕಾಳು:
ಅಕ್ಕಿಯ ಸೊಂಡಿಲು ಹುಳುವಿನಲ್ಲಿ (ಸೈಟೊಫಿಲಸ್ ಒರೈಜೆ) ಸೊಡಾಲಿಸ್ ಬ್ಯಾಕ್ಟೀರಿಯಾ ಇಲ್ಲದ ತಳಿಯೊಂದು ಬೇಕಾಗಿದೆ. ಬೆಳೆದ ಹುಳುಗಳು ಗೋಧಿಯ ಸಮೇತ 35 ಡಿಗ್ರಿಯಲ್ಲಿ ಎರಡು ವಾರ ಇದ್ದವು. ತೇವಾಂಶ ಅಳೆದಿಲ್ಲ, ಕಾಳು ಬದಲಿಸಿಲ್ಲ. ಆಮೇಲೆ ಕರುಳು ಬಿಡಿಸಿ ನೋಡಿದರೆ ಬ್ಯಾಕ್ಟೀರಿಯಾದ ಸುಳಿವಿಲ್ಲ. ಅದೇ ಡಬ್ಬಿಯಿಂದ ಹೊರಬಂದ ಮುಂದಿನ ಪೀಳಿಗೆಯಲ್ಲಿ ಮಾತ್ರ ತುಂಬಿಕೊಂಡಿದೆ. ಶಾಖ ಸಾಲದೇ? ಬ್ಯಾಕ್ಟೀರಿಯಾ ತಡೆಯುವ ಔಷಧವಾದ ಟೆಟ್ರಾಸೈಕ್ಲಿನ್ ಸೇರಿಸಬೇಕೇ?

ನಡುಗರುಳು:
ಶಾಖ ಸರಿಯಾಗಿದೆ. ಅವಧಿ ಸಾಲದು, ನೋಡಿದ ಜಾಗವೂ ಸರಿಯಲ್ಲ.

ಮೊದಲು ಜಾಗದ ವಿಷಯ. ಮರಿಹುಳುವಿನಲ್ಲಿ ಈ ಬ್ಯಾಕ್ಟೀರಿಯಾಗಳು ಮುಂಗರುಳು ಮುಗಿದು ನಡುಗರುಳು ಶುರುವಾಗುವ ಕಡೆ ಒಂದು ವಿಶೇಷ ಅಂಗದೊಳಗೆ ಇರುತ್ತವೆ. ಹುಳು ರೂಪಾಂತರ ಹೊಂದುವಾಗ ಅವು ನಡುಗರುಳಿನ ಚೀಲಗಳ ತುದಿಗೆ ಸಾಗುತ್ತವೆ. ಬೆಳೆದ ಹುಳುವಿನ ಮೊದಲ ವಾರದಲ್ಲಿ ಸಂಖ್ಯೆ ಏರುತ್ತದೆ, ಏಕೆಂದರೆ ಹೊರಚಿಪ್ಪು ಗಟ್ಟಿಯಾಗಲು ಅವು ಒದಗಿಸುವ ಅಮೈನೊ ಆಮ್ಲಗಳಾದ ಟೈರೊಸಿನ್, ಫಿನೈಲ್‌ಅಲನಿನ್ ಆಗಲೇ ಬೇಕು. ಚಿಪ್ಪು ಪೂರ್ಣವಾದ ಮೇಲೆ ಹುಳುವೇ ಅವನ್ನು ಜೀರ್ಣಿಸಿಕೊಳ್ಳುತ್ತದೆ. ಎರಡು-ಮೂರು ವಾರದ ಹುಳುವಿನ ಕರುಳು ಯಾವ ಚಿಕಿತ್ಸೆಯೂ ಇಲ್ಲದೆ ಖಾಲಿಯಾಗಿರುತ್ತದೆ. ಎರಡು ವಾರ ಕಳೆದ ಹುಳುವಿನ ಕರುಳಿನಲ್ಲಿ ಏನೂ ಕಾಣದಿದ್ದರೆ ಅದು ಶಾಖದ ಫಲವೆಂದು ಹೇಳಲಾಗದು. ಹೆಣ್ಣಿನ ಅಂಡಾಶಯದ ತುದಿಯಲ್ಲಿ ಮಾತ್ರ ಬ್ಯಾಕ್ಟೀರಿಯಾ ಉಳಿದು ಮೊಟ್ಟೆಗೆ ದಾಟುತ್ತದೆ. ನೋಡಬೇಕಾದ್ದು ಅಲ್ಲಿ, ಇಲ್ಲವೇ ನಾಲ್ಕನೇ ಹಂತದ ಮರಿಯಲ್ಲಿ. 27.5 ಡಿಗ್ರಿಯಲ್ಲಿ ಮೊಟ್ಟೆಯಿಟ್ಟ ಸುಮಾರು ಮೂರು ವಾರಕ್ಕೆ ಕಾಳು ಸೀಳಿದರೆ ಆ ಹಂತ ಸಿಗುತ್ತದೆ.

ಇನ್ನು ವಿಧಾನ. ಫ್ರಾನ್ಸಿನ ಪಾಲ್ ನಾರ್ಡೊನ್ 1973ರಲ್ಲಿ ತೋರಿಸಿದ ದಾರಿ ಇಂದಿಗೂ ನಡೆಯುತ್ತದೆ: 35 ಡಿಗ್ರಿ, 90% ತೇವಾಂಶ, ಒಂದು ತಿಂಗಳು. ಮುಚ್ಚಿದ ಪೆಟ್ಟಿಗೆಯ ತಳದಲ್ಲಿ ಪೊಟ್ಯಾಸಿಯಂ ನೈಟ್ರೇಟಿನ ಸಂತೃಪ್ತ ದ್ರಾವಣ ಇಟ್ಟರೆ ತೇವಾಂಶ 90ರ ಆಸುಪಾಸಿನಲ್ಲಿ ನಿಲ್ಲುತ್ತದೆ. ದ್ರಾವಣದ ತಳದಲ್ಲಿ ಕರಗದ ಹರಳು ಸದಾ ಇರಬೇಕು. ಅಡುಗೆ ಉಪ್ಪಿನ ದ್ರಾವಣ 75%ಕ್ಕೇ ನಿಲ್ಲುವುದರಿಂದ ಅದನ್ನು ಆಮೇಲೆ ಸಾಕುವಾಗ ಬಳಸಿ.

ಇಷ್ಟು ತೇವದಲ್ಲಿ ಗೋಧಿಗೆ ಬೂಷ್ಟು ಹಿಡಿದೇ ಹಿಡಿಯುತ್ತದೆ, ಹಿಂದೆಯೇ ನುಸಿ ಬರುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಜರಡಿ ಹಿಡಿದು ಹುಳುಗಳನ್ನು ಹೊಸ ಕಾಳಿಗೆ ಹಾಕಿ. ಹೊಸ ಕಾಳನ್ನು ಮೊದಲೇ ಒಂದು ವಾರ ಮೈನಸ್ 18ರಲ್ಲಿ ಇಟ್ಟಿರಬೇಕು, ಒಳಗೆ ಅಡಗಿದ ಮೊಟ್ಟೆ ಉಳಿದಿರಬಾರದು. ಹಳೆಯ ಕಾಳನ್ನೂ ಹಾಗೆಯೇ ಫ್ರೀಜರಿಗೆ ಹಾಕಿ ಬಿಸಾಡಿ. ನಿಮ್ಮಲ್ಲಿ ಎಡವಿದ್ದು ಬಹುಶಃ ಇಲ್ಲಿ. ಮೊದಲ ದಿನಗಳಲ್ಲಿ ಇಟ್ಟ ಮೊಟ್ಟೆಗೆ ತಾಯಿಯ ಬ್ಯಾಕ್ಟೀರಿಯಾ ಸಿಕ್ಕೇ ಇರುತ್ತದೆ, ಕಾಳು ಬದಲಿಸದಿದ್ದರೆ ಅದೇ ಸಂತಾನ ಡಬ್ಬಿ ತುಂಬುತ್ತದೆ.

ತಿಂಗಳಾದ ಮೇಲೆ ಹುಳುಗಳನ್ನು 27.5 ಡಿಗ್ರಿಗೆ ತನ್ನಿ. ಒಂದು ಕೊಳವೆಗೆ ಒಂದು ಹೆಣ್ಣು, ಹತ್ತಿಪ್ಪತ್ತು ಕಾಳು. ಶಾಖ ತಿಂದ ಹೆಣ್ಣುಗಳು ಕಡಿಮೆ ಮೊಟ್ಟೆ ಇಡುವುದರಿಂದ ಮೂವತ್ತು ಕೊಳವೆಯಾದರೂ ಇರಲಿ. ಪ್ರತಿ ಸಾಲಿನಿಂದ (ಅಂದರೆ ಒಂದು ಹೆಣ್ಣಿನ ಸಂತತಿಯಿಂದ) ಕೆಲವು ಎಳೆಯ ಹೆಣ್ಣುಗಳ ಅಂಡಾಶಯ ಪರೀಕ್ಷಿಸಿ, ಒಂದರಲ್ಲಿ ಕಂಡರೂ ಆ ಸಾಲನ್ನೇ ಕೈಬಿಡಿ.

ಟೆಟ್ರಾಸೈಕ್ಲಿನ್ ಬೇಡ. ಮರಿ ಕಾಳಿನೊಳಗೆ ಇರುವುದರಿಂದ ಎಷ್ಟು ಔಷಧ ತಲುಪಿತೆಂದು ತಿಳಿಯುವುದಿಲ್ಲ. ಮೈಟೊಕಾಂಡ್ರಿಯಾಕ್ಕೂ ಅದರಿಂದ ಪೆಟ್ಟು ಬೀಳುವುದರಿಂದ, ಹುಳು ಸೊರಗಿದ್ದು ಬ್ಯಾಕ್ಟೀರಿಯಾ ಹೋಗಿದ್ದಕ್ಕೋ ಔಷಧಕ್ಕೋ ಎಂದು ಬೇರ್ಪಡಿಸಲಾಗದು.

ಪಟ್ಟಿ ಜೆಲ್:
ಪಿಸಿಆರ್ (ಡಿಎನ್ಎ ತುಣುಕನ್ನು ನಕಲಿಸಿ ಪತ್ತೆಹಚ್ಚುವ ವಿಧಾನ) ಮಾಡುವವರಾದರೆ ಒಂದು ಮಾತು. ಈ ಹುಳುವಿನ ಕೆಲವು ತಳಿಗಳಲ್ಲಿ ವೊಲ್ಬಾಕಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕೂಡ ಇದೆ. 1999ರಲ್ಲೇ ಅಬ್ದೆಲಜೀಜ್ ಹೆದ್ದಿ ಮತ್ತು ಸಂಗಡಿಗರು ಒಂದೇ ಹುಳುವಿನ ಬದುಕನ್ನು ನಾಲ್ಕು ಜೀನೋಮ್‌ಗಳು ನಡೆಸುತ್ತವೆಂದು ಬರೆದಿದ್ದರು: ಕೋಶಕೇಂದ್ರದ್ದು, ಮೈಟೊಕಾಂಡ್ರಿಯಾದ್ದು, ಸೊಡಾಲಿಸ್‌ನದು, ವೊಲ್ಬಾಕಿಯಾದ್ದು. ಎಲ್ಲ ಬ್ಯಾಕ್ಟೀರಿಯಾಕ್ಕೂ ಹೊಂದುವ 16ಎಸ್ ಪ್ರೈಮರ್ (ನಕಲು ಶುರುಮಾಡುವ ಡಿಎನ್ಎ ತುಂಡು) ಹಾಕಿದರೆ, ಸೊಡಾಲಿಸ್ ಹೋಗಿದ್ದರೂ ವೊಲ್ಬಾಕಿಯಾದಿಂದ ಜೆಲ್ಲಿನಲ್ಲಿ ಪಟ್ಟಿ ಬಂದೇ ಬರುತ್ತದೆ. ಎರಡಕ್ಕೂ ಬೇರೆಬೇರೆ ಪ್ರೈಮರ್ ಬಳಸಿ. ಜೊತೆಗೆ ಹುಳುವಿನದೇ ಒಂದು ಜೀನ್ ಓಡಿಸಿ. ಅದೂ ಬರದಿದ್ದರೆ ಡಿಎನ್ಎ ತೆಗೆದದ್ದೇ ಕೆಟ್ಟಿದೆ, ಹುಳು ಶುದ್ಧವೆಂದು ಬರೆದುಕೊಳ್ಳಬೇಡಿ.

ಇನ್ನೊಂದು, ಹೆಣ್ಣಿನಲ್ಲಿ ವೊಲ್ಬಾಕಿಯಾ ಹೋಗಿದ್ದು ಗಂಡಿನಲ್ಲಿ ಇದ್ದರೆ ಮೊಟ್ಟೆ ಒಡೆಯದೆ ಹೋಗಬಹುದು. ಶುದ್ಧ ಸಾಲಿನ ಹೆಣ್ಣನ್ನು ಹಳೆಯ ಸಾಲಿನ ಗಂಡಿನ ಜೊತೆ ಬಿಟ್ಟು, ಮರಿ ಬಾರದ್ದಕ್ಕೆ ಸೊಡಾಲಿಸ್ ಇಲ್ಲದಿರುವುದೇ ಕಾರಣವೆಂದು ಬರೆಯುವ ತಪ್ಪು ಸುಲಭವಾಗಿ ಆಗುತ್ತದೆ.

ಗೋಧಿಕಾಳು:
ತುಂಬ ಉಪಕಾರ. ಬಿಡಿಸದೆ, ಕಣ್ಣಿಗೇ ವ್ಯತ್ಯಾಸ ತಿಳಿಯುತ್ತದೆಯೇ?

ನಡುಗರುಳು:
ಅಂದಾಜಿಗೆ ಮಾತ್ರ. ಬ್ಯಾಕ್ಟೀರಿಯಾ ಇಲ್ಲದವು ಕೆಂಪು ಛಾಯೆಯ ತಿಳಿ ಬಣ್ಣದವು, ಚಿಪ್ಪು ತೆಳು, ಬೆಳೆಯಲು ಹೆಚ್ಚು ದಿನ, ಹಾರಲಾರವು. ಆದರೆ ಆಗಷ್ಟೇ ಹೊರಬಂದ ಸಾಮಾನ್ಯ ಹುಳುವೂ ತಿಳಿ ಬಣ್ಣದ್ದೇ. ಒಂದೇ ವಯಸ್ಸಿನವನ್ನು ಪಕ್ಕಪಕ್ಕ ಇಟ್ಟು ಹೋಲಿಸಿ.

ಕಣಜದ ಬಾಗಿಲು:
ಉಗ್ರಾಣದಲ್ಲಿ ಇದರಿಂದ ಪ್ರಯೋಜನವಿದೆಯೇ? ಬ್ಯಾಕ್ಟೀರಿಯಾ ಕೊಂದರೆ ಕುಟ್ಟೆ ತಪ್ಪುತ್ತದೆಯೇ?

ಪಟ್ಟಿ ಜೆಲ್:
ತಪ್ಪುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ಬ್ಯಾಕ್ಟೀರಿಯಾ ಇಲ್ಲದ ಹುಳುವೂ ಕಾಳು ಕೊರೆಯುತ್ತದೆ, ಮೊಟ್ಟೆ ಇಡುತ್ತದೆ. ಗರಗಸದಂಥ ಅಂಚಿರುವ ಒರೈಜೆಫಿಲಸ್ ಹುಳುವಿನಲ್ಲಿ ಗ್ಲೈಫೊಸೇಟ್ ಕಳೆನಾಶಕ ಬ್ಯಾಕ್ಟೀರಿಯಾವನ್ನು ಕುಗ್ಗಿಸಿ ಚಿಪ್ಪನ್ನು ತೆಳುಗೊಳಿಸುವುದು 2021ರ ಪ್ರಯೋಗದಲ್ಲಿ ಕಂಡಿದೆ. ಹಾಗೆಂದು ತಿನ್ನುವ ಧಾನ್ಯಕ್ಕೆ ಅದನ್ನು ದಯವಿಟ್ಟು ಯಾರೂ ಸಿಂಪಡಿಸಬೇಡಿ. ಕಾಳನ್ನು 12%ಕ್ಕಿಂತ ಕಡಿಮೆ ತೇವಕ್ಕೆ ಒಣಗಿಸಿ ಗಾಳಿಯಾಡದಂತೆ ತುಂಬಿ. ಒಣ ಕಾಳಿನಲ್ಲಿ ಯಾವ ಸೊಂಡಿಲು ಹುಳುವೂ ಸರಿಯಾಗಿ ಹೆಚ್ಚಲಾರದು.

ನಡುಗರುಳು:
ಹೋಲಿಸಿ ನೋಡಲು ನಮ್ಮ ಹುಣಸೆ ಬೀಜವೇ ಇದೆ. ಅದನ್ನು ಕೊರೆಯುವ ಸೈಟೊಫಿಲಸ್ ಲಿನಿಯಾರಿಸ್ ಇದೇ ಕುಲದ್ದು, ಆದರೆ ಸೊಡಾಲಿಸ್ ಇಲ್ಲದೆಯೇ ಬದುಕುತ್ತದೆ. ಅಕ್ಕಿ ಗೋಧಿಯಲ್ಲಿ ಕೊರತೆಯಾಗುವ ಆ ಅಮೈನೊ ಆಮ್ಲಗಳು ಹುಣಸೆ ಬೀಜದಲ್ಲಿ ಧಾರಾಳ. ಶಾಖ ಕೊಡದೆಯೇ ಸಿಗುವ ಹೋಲಿಕೆಯ ತಳಿ ಬೇಕಿದ್ದರೆ ಹಳೆಯ ಹುಣಸೆ ಬೀಜದ ಚೀಲ ಜಾಲಿಸಿ ನೋಡಿ.